ಬ್ಯಾಚ್ ಗುಂಪಿನಲ್ಲಿ ಒಂದು ಬ್ಲೂಸ್ ಜಗಳ

ಪ್ರಸನ್ನ: (ಆಡಿಯೋ 1:52) ‘ಸಿ ಜಾಮ್ ಬ್ಲೂಸ್’. ಜಾಝ್ ಟ್ಯೂನು, ಕೀಬೋರ್ಡ್ ಸೋಲೋ ನಂದೇ. ಬೈಯೋರು ಪೂರ್ತಿ ಕೇಳಿ ಬೈರಪ್ಪ.

ಮಂಜ: ಕೈ ಏನ್ ಓಡ್ತದೆ ಗುರೂ! ರಿಟೈರ್ ಆದ್ಮೇಲೆ ಹೊಟ್ಟೆಪಾಡಿಗೆ ಚಿಂತೆಯಿಲ್ಲ.

ಶೈಲಾ: ಓಡ್ತದೆ, ಸರಿ. ನಿಲ್ಲೋದೆಲ್ಲಿ? ಎರಡನೇ ಸುತ್ತಿಂದ ಕೊನೇವರೆಗೂ ಒಂದೇ ಸಮ ಟಕಟಕಟಕ. ಒಂದು ಮಾತು ಮುಗೀತು ಅಂತ ಎಲ್ಲೂ ಅನ್ನಿಸಲ್ಲ.

ಪ್ರಸನ್ನ: ಒಂದು ಸ್ವರ ತಪ್ಪಿದ್ರೆ ಹೇಳು. ಪ್ರತಿ ಕಾರ್ಡಿಗೂ (ಒಟ್ಟಿಗೆ ಒತ್ತೋ ಸ್ವರಗಳ ಗುಂಪು) ಹೊಂದೋ ಸ್ಕೇಲ್ ನೋಡಿ ಕೂರಿಸಿದೀನಿ.

ಶೈಲಾ: ಸ್ವರದ ತಕರಾರೇ ಅಲ್ವೋ. ಡ್ಯೂಕ್ ಎಲಿಂಗ್ಟನ್ ಆ ಟ್ಯೂನಿಗೆ ಇಟ್ಟಿರೋದೇ ಎರಡು ಸ್ವರ, ಜಿ ಮತ್ತೆ ಸಿ. 12 ಬಾರಿನ ಸುತ್ತು (ನಾಲ್ಕು ಎಣಿಕೆಗೊಂದು ಬಾರ್) ಪೂರ್ತಿ ಅಷ್ಟೇ. ಬೇಜಾರಾಗತ್ತಾ? ಕೆಲಸವೆಲ್ಲ ಲಯದ್ದು.

ಪ್ರಸನ್ನ: ಅದು ಟ್ಯೂನು, ಇದು ಅದರ ಮೇಲೆ ನಾನು ಕಟ್ಟಿದ ಸೋಲೋ. ಪಿಯಾನೋದ ಆಸ್ಕರ್ ಪೀಟರ್ಸನ್ 1962ರಲ್ಲಿ ‘ನೈಟ್ ಟ್ರೇನ್’ ಆಲ್ಬಮ್ಮಿಗೆ ಇದನ್ನೇ ರೆಕಾರ್ಡ್ ಮಾಡಿದಾನೆ. ಸ್ವರದ ಮಳೆ ಸುರಿಸ್ತಾನೆ. ಅವನಿಗೆ ಹೋಗಿ ಹೇಳು, ನಿಲ್ಲಪ್ಪ ಅಂತ.

ಶೈಲಾ: ಅದನ್ನೇ ಇನ್ನೊಂದ್ಸಲ ಕೇಳು. ಸೋಲೋ ಸುತ್ತು ಶುರುವಾದಾಗ ಬಾಸು, ಡ್ರಮ್ಸು ಎರಡೂ ನಾಲ್ಕು ಬಾರ್ ಸುಮ್ಮನಾಗ್ತವೆ. ಅವನೊಬ್ಬನೇ. ಆದ್ರೂ ನಿನ್ನ ಕಾಲು ತಾಳ ಹಾಕ್ತಾನೇ ಇರತ್ತೆ. ಸ್ಪೀಡಿನಿಂದ ಅಲ್ಲ, ಎಣಿಕೆಗಳ ಮಧ್ಯೆ ಬೀಳೋ ಸ್ವರಕ್ಕೆ ಅವನು ಕೊಡೋ ಒತ್ತಿನಿಂದ. ನಿಂದ್ರಲ್ಲಿ ಎಲ್ಲದಕ್ಕೂ ಒಂದೇ ಪೆಟ್ಟು.

ನಾಗರಾಜ: ನನಗೆ ಜಾಝ್ ಗೊತ್ತಿಲ್ಲ, ಮೃದಂಗ ಗೊತ್ತು. 12 ಬಾರ್ ಅಂದ್ರೆ 48 ಎಣಿಕೆ ತಾನೆ? ಮೂರು ಎಣಿಕೆಯ ಒಂದು ತುಣುಕು ಹಿಡಿ, ತಕಿಟ. 16 ಸಲ ಹಾಕಿದ್ರೆ ಕರೆಕ್ಟಾಗಿ ಸಮಕ್ಕೆ, ಅಂದ್ರೆ ಸುತ್ತಿನ ಮೊದಲ ಎಣಿಕೆಗೆ, ಬರತ್ತೆ. ಮಧ್ಯದಲ್ಲಿ ಒಂದೊಂದ್ಸಲ ಒಂದೊಂದು ಜಾಗದಲ್ಲಿ ಬೀಳ್ತಾ, ಮೂರು ಬಾರ್‌ಗೊಮ್ಮೆ ಬಾರಿನ ಮೊದಲ ಎಣಿಕೆಗೆ ಕೂಡ್ಕೊಳತ್ತೆ.

ಶೈಲಾ: 16 ಸಲ ಹಾಕಿದ್ರೆ ಜನ ಎದ್ದು ಹೋಗ್ತಾರೆ ನಾಗ. ಮೂರು ಸಲ ಸಾಕು, ಆಮೇಲೆ ಮುರೀಬೇಕು. ನೀವು ಮುಕ್ತಾಯ ಎಡುಪಿಗೆ (ಹಾಡು ಎತ್ಕೊಳ್ಳೋ ಜಾಗ) ತಂದು ಇಳಿಸಿ ಚಪ್ಪಾಳೆ ತಗೋತೀರ. ಜಾಝ್‌ನಲ್ಲಿ ಎಷ್ಟೋ ಫ್ರೇಸು (ಸ್ವರದ ಒಂದೊಂದು ಮಾತು) ಬಾರಿನ ನಾಲ್ಕೂವರೆ ಎಣಿಕೆಗೇ ಮುಗಿದು, ಮುಂದಿನ ಬಾರಿನ ‘ಒಂದು’ ಖಾಲಿ ಬೀಳತ್ತೆ. ಡ್ರಮ್ಮರ್ ತುಂಬ್ಕೋತಾನೆ.

ನಾಗರಾಜ: ಎಡುಪು ಸಮದಲ್ಲೇ ಇರಬೇಕು ಅಂತ ಯಾರಂದ್ರು? ಅರ್ಧ ಎಣಿಕೆ ಬಿಟ್ಟು ಎತ್ಕೊಳ್ಳೋ ಕೃತಿಗಳು ಬೇಕಾದಷ್ಟಿವೆ.

ಮಂಜ: ಗೆಟ್‌ಟುಗೆದರ್ ದುಡ್ಡು ಯಾರ್ಯಾರು ಕಳಿಸಿಲ್ಲ?

ಪ್ರಸನ್ನ: ತಡಿಯೋ ಮಂಜ. ಶೈಲಾ, ನಡುವೆ ನಿಲ್ಲಿಸಿದ್ರೆ ಮರೆತುಹೋಯ್ತೇನೋ ಅನ್ಕೋತಾರೆ ಜನ.

ಶೈಲಾ: ಪಿಯಾನೋದ ಅಹ್ಮದ್ ಜಮಾಲ್‌ದು ‘ಪಾಯಿನ್ಸಿಯಾನಾ’ ಕೇಳು. 1958, ಶಿಕಾಗೋದ ಪರ್ಶಿಂಗ್ ಹೋಟೆಲಲ್ಲಿ ಜನರ ಮುಂದೆ ರೆಕಾರ್ಡ್ ಆಗಿದ್ದು. ಎಷ್ಟು ಕಡೆ ಕೈ ಎತ್ತಿಬಿಡ್ತಾನೆ! ಮರೆತ ಅಂತ ಯಾರಂದ್ರು? ಟ್ರಂಪೆಟ್ಟಿನ ಮೈಲ್ಸ್ ಡೇವಿಸ್ ತನ್ನ ಪಿಯಾನೋದವನು ರೆಡ್ ಗಾರ್ಲಂಡ್‌ಗೆ, ಜಮಾಲ್ ಥರ ನುಡಿಸು ಅಂತಿದ್ದ.

ಪ್ರಸನ್ನ: ಜಮಾಲ್ ಕೈ ಎತ್ತಿದ್ರೆ ಹಿಂದೆ ವರ್ನೆಲ್ ಫೋರ್ನಿಯೇ ಅನ್ನೋನ ಡ್ರಮ್ಸ್ ಇತ್ತು ತಾಯಿ. ನಾನು ಎತ್ತಿದ್ರೆ ಫೋನಿನಲ್ಲಿ ಎಣಿಕೆ ಬಡಿಯೋ ಮೆಟ್ರೋನೋಮ್ ಟಿಕ್ ಟಿಕ್ ಅನ್ನತ್ತೆ.

ಶೈಲಾ: ಇದೊಂದು ಮಾತು ಒಪ್ಪಿದೆ. ಹಾಗಾದ್ರೆ ಬಲಗೈ ಎರಡು ಬಾರ್ ಕೇಳಲಿ, ಎಡಗೈ ಎರಡು ಕಾರ್ಡಲ್ಲಿ ಉತ್ತರ ಕೊಡಲಿ. ಮೆಟ್ರೋನೋಮ್ ಬಾರಿನ ಎರಡನೇ, ನಾಲ್ಕನೇ ಎಣಿಕೆಗೆ ಮಾತ್ರ ಬಡಿಯೋ ಹಾಗೆ ಇಟ್ಕೋ. ಮುಖ್ಯವಾಗಿ ಬಾಯಲ್ಲಿ ಹಾಡ್ತಾ ನುಡಿಸು, ಉಸಿರು ಮುಗಿದಲ್ಲಿ ಕೈಯೂ ನಿಲ್ಲಲಿ. ಸ್ಯಾಕ್ಸೋಫೋನಿನವರು ಉಸಿರಿಗೋಸ್ಕರ ನಿಲ್ಲಲೇಬೇಕು. ಪಿಯಾನೋದವರಿಗೆ ಆ ದರ್ದಿಲ್ಲ, ಅದಕ್ಕೇ ಈ ಚಾಳಿ.

ಪ್ರಸನ್ನ: ನಾನು ಹಾಡಿದ್ರೆ ಮನೆಯವಳು ಕೀಬೋರ್ಡು ಮಾರಾಟಕ್ಕಿಡ್ತಾಳೆ.

ನಾಗರಾಜ: ಹಾಡೋದು ಬೇಡ, ಲೆಕ್ಕ ಇಟ್ಕೋ. ನಾಲ್ಕು ಬಾರ್‌ಗೆ 16 ಎಣಿಕೆ. ತಕಿಟ ಮೂರು ಸಲ, ಒಂಬತ್ತು. ಉಳಿದ ಏಳು ಎಣಿಕೆ ಕೈ ಕಟ್ಕೊಂಡು ಕೂತಿರು.

ಪ್ರಸನ್ನ: ಏಳಾ?!

ಮಂಜ: ಇವನು ಪರೀಕ್ಷೆ ಹಾಲಲ್ಲೇ ಸುಮ್ಮನೆ ಕೂತೋನಲ್ಲ.

ಪ್ರಸನ್ನ: (ಆಡಿಯೋ 0:31) ಈಗ ಹೇಳಿ.

ಶೈಲಾ: ಪರವಾಗಿಲ್ಲ, ಮೊದಲನೇ ಫ್ರೇಸು ಚೆನ್ನಾಗಿ ಕಚ್ಚಿದೆ. ಆದ್ರೆ ಐದು ಎಣಿಕೆಗೇ ಶುರು ಹಚ್ಕೊಂಡ್ಯಲ್ಲೋ.

ನಾಗರಾಜ: ನಾಲ್ಕೂವರೆ.