ಪೂರ್ತಿ ಸ್ಕಾಲರ್‌ಶಿಪ್ ಸಿಕ್ಕಿದೆ, ತಂಗಿಯ ಮನಸ್ಸು ಮಾತ್ರ ಬೆಂಗಳೂರಿನ ಕಡೆ ಇದೆ: ಅನುಭವ ಇದ್ದವರು ಹೇಳಿ

ಕೇಳಿದವರು: ವಿಜಯಪುರ ಜಿಲ್ಲೆಯ ಒಬ್ಬ ಅಣ್ಣ

ನಮ್ಮ ಊರು ತಿಕೋಟಾ ಹತ್ತಿರ. ನಾಲ್ಕು ಎಕರೆ ದ್ರಾಕ್ಷಿ ಇದೆ, ಅಪ್ಪ ನೋಡಿಕೊಳ್ಳುತ್ತಾರೆ. ನಾನು ಐಟಿಐ ಮುಗಿಸಿ ಹುಬ್ಬಳ್ಳಿಯಲ್ಲಿ ಕೆಲಸಕ್ಕಿದ್ದೇನೆ. ತಂಗಿ ಈ ವರ್ಷ ಪಿಯು ಸೈನ್ಸ್ ಮುಗಿಸಿದಳು, ಒಳ್ಳೆಯ ಮಾರ್ಕ್ಸ್ ಬಂದಿದೆ. ಸಿಇಟಿಯನ್ನೂ ಬರೆದಿದ್ದಾಳೆ.

ಬೆಳಗಾವಿ ಕಡೆಯ ಒಂದು ಖಾಸಗಿ ಕಾಲೇಜಿನವರು ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್‌ಗೆ ನಾಲ್ಕು ವರ್ಷದ ಪೂರ್ತಿ ಸ್ಕಾಲರ್‌ಶಿಪ್ ಕೊಡುತ್ತೇವೆ ಎಂದು ಪತ್ರ ಕೊಟ್ಟಿದ್ದಾರೆ. ಆದರೆ ಅವಳು ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯಕ್ಕೆ ಹೋಗಿ ಅಲ್ಲಿನ ಚಿಪ್ ಡಿಸೈನ್ ಲ್ಯಾಬ್ ನೋಡಿ ಬಂದಿದ್ದಾಳೆ. ಅವತ್ತಿನಿಂದ ಬಾಯಲ್ಲಿ ಅದೇ ಮಾತು. ಅಲ್ಲಿ ಫೀ, ಹಾಸ್ಟೆಲ್, ಊಟ ಸೇರಿ ವರ್ಷಕ್ಕೆ 5 ಲಕ್ಷ. ನಾಲ್ಕು ವರ್ಷಕ್ಕೆ 20 ಲಕ್ಷ. ಹತ್ತು ಲಕ್ಷ ಸಾಲ ತೆಗೆಯೋಣ, ಉಳಿದದ್ದಕ್ಕೆ ಒಂದು ಎಕರೆ ಮಾರೋಣ ಅಂತ ಅಪ್ಪ ಹೇಳುತ್ತಿದ್ದಾರೆ. ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ. ಒಂದು ವಾರದಲ್ಲಿ ಸ್ಕಾಲರ್‌ಶಿಪ್‌ನವರಿಗೆ ಉತ್ತರ ಕೊಡಬೇಕು. ಇಂಥದ್ದನ್ನು ದಾಟಿ ಬಂದವರು ದಯವಿಟ್ಟು ಹೇಳಿ.

ಬಾಗಲಕೋಟೆಯ ಒಬ್ಬ ಅಕ್ಕ

ತಮ್ಮಾ, ನೀವು ಬರೆದದ್ದು ಓದಿ ನಮ್ಮ ಮನೆಯೇ ಕಣ್ಣ ಮುಂದೆ ಬಂತು. ನಾನು ಸ್ಕಾಲರ್‌ಶಿಪ್ ಆರಿಸಿಕೊಂಡವಳು. ಅದಕ್ಕೆ ಬೇಜಾರಿಲ್ಲ. ಆದರೆ ಆ ಪತ್ರವನ್ನು ಪೂರ್ತಿ ಓದದೆ ಸಹಿ ಹಾಕಿದೆವಲ್ಲ, ಆ ನೋವು ಇನ್ನೂ ಇದೆ.

2015ರಲ್ಲಿ ನನಗೂ ‘ಪೂರ್ತಿ’ ಅಂತಲೇ ಹೇಳಿದ್ದರು. ಬೇರೆ ಜಿಲ್ಲೆಯ ಕಾಲೇಜು, ಹೆಸರು ಬೇಡ. ಅಪ್ಪ ಬಸ್ ಕಂಡಕ್ಟರ್, ಖುಷಿಯಲ್ಲಿ ಪೇಢಾ ಹಂಚಿದ್ದರು. ಹೋದ ಮೇಲೆ ಗೊತ್ತಾಯಿತು, ಪೂರ್ತಿ ಅಂದರೆ ಬೋಧನಾ ಶುಲ್ಕ ಮಾತ್ರ. ಹಾಸ್ಟೆಲ್, ಮೆಸ್, ಪರೀಕ್ಷಾ ಶುಲ್ಕ, ಪುಸ್ತಕ, ಎಲ್ಲ ನಮ್ಮ ಮೇಲೆಯೇ. ವರ್ಷಕ್ಕೆ ಹತ್ತಿರ ಹತ್ತಿರ 70 ಸಾವಿರ. ಅದನ್ನು ಹೇಗೋ ನಿಭಾಯಿಸಿದೆವು.

ದೊಡ್ಡ ಪೆಟ್ಟು ಬಿದ್ದದ್ದು ಮೊದಲ ವರ್ಷ ಮುಗಿದಾಗ. ಪತ್ರದ ಎರಡನೇ ಪುಟದಲ್ಲಿ ಒಂದು ಸಾಲಿತ್ತು: ಪ್ರತಿ ವರ್ಷ ಸಿಜಿಪಿಎ (ಹತ್ತಕ್ಕೆ ಲೆಕ್ಕ ಹಾಕುವ ಸರಾಸರಿ ಅಂಕ) 8ಕ್ಕಿಂತ ಕೆಳಗೆ ಬರಬಾರದು. ನಾನು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಮೊದಲ ಸೆಮಿಸ್ಟರ್‌ನಲ್ಲಿ ಇಂಗ್ಲಿಷ್ ಪಾಠ ಕಿವಿಗೆ ಹತ್ತುವಷ್ಟರಲ್ಲಿ ಇಂಟರ್ನಲ್ಸ್ ಬಂದಿತ್ತು. ಗಣಿತ ಕೈ ಹಿಡಿಯಿತು, ಡ್ರಾಯಿಂಗ್ ಮತ್ತು ಪ್ರೋಗ್ರಾಮಿಂಗ್ ಕೈಬಿಟ್ಟವು. 7.6 ಬಂತು. ಎರಡನೇ ವರ್ಷದ ಫೀ ಪೂರ್ತಿ ಕಟ್ಟಿ ಎಂದರು. ಅವ್ವನ ಬಿಲ್ವಾರ ಬ್ಯಾಂಕಿನಲ್ಲಿ ಅಡವಿಟ್ಟೆವು. ಮುಂದಿನ ವರ್ಷ ಹಟ ಹಿಡಿದು ಓದಿ 8.3 ಮಾಡಿಕೊಂಡು ಹೋದೆ. ಒಮ್ಮೆ ತಪ್ಪಿದ್ದು ಮತ್ತೆ ಸಿಗುವುದಿಲ್ಲ ಎಂದರು. ಆಫೀಸಿನ ಹೊರಗೆ ಮೆಟ್ಟಿಲ ಮೇಲೆ ಕೂತು ಅತ್ತಿದ್ದೆ.

ಅದಕ್ಕೇ ಹೇಳುತ್ತೇನೆ, ಫೋನಿನಲ್ಲಿ ಹೇಳಿದ್ದನ್ನು ನಂಬಿಕೊಂಡು ಕೂರಬೇಡಿ. ಹಾಸ್ಟೆಲ್ ಮತ್ತು ಮೆಸ್ ಸೇರಿದೆಯೋ ಇಲ್ಲವೋ, ಎಷ್ಟು ಸಿಜಿಪಿಎ ಬೇಕು, ಅದನ್ನು ಸೆಮಿಸ್ಟರ್‌ಗೊಮ್ಮೆ ನೋಡುತ್ತಾರೋ ವರ್ಷಕ್ಕೊಮ್ಮೆಯೋ, ಒಂದು ಸಲ ಕಡಿಮೆಯಾದರೆ ಸರಿ ಮಾಡಿಕೊಳ್ಳಲು ಅವಕಾಶ ಇದೆಯೋ, ಕಾಯಿಲೆ ಬಿದ್ದು ಪರೀಕ್ಷೆ ತಪ್ಪಿದರೆ ಏನು, ಇಷ್ಟನ್ನೂ ಬರೆದು ಕೇಳಿ. ಉತ್ತರ ಕಾಲೇಜಿನ ಸೀಲು ಇರುವ ಕಾಗದದಲ್ಲೋ ಇಮೇಲ್‌ನಲ್ಲೋ ಬರಲಿ. ಈಗಾಗಲೇ ಅದೇ ಸ್ಕಾಲರ್‌ಶಿಪ್‌ನಲ್ಲಿ ಓದುತ್ತಿರುವ ಮೂರನೇ ವರ್ಷದ ಇಬ್ಬರನ್ನಾದರೂ ಹುಡುಕಿ ಮಾತಾಡಿ. ನನಗೆ ಇದನ್ನು ಹೇಳುವವರು ಯಾರೂ ಇರಲಿಲ್ಲ.

ಒಳ್ಳೆಯದನ್ನೂ ಹೇಳಬೇಕು. ನಮ್ಮ ವಿಭಾಗದಲ್ಲಿ ಮೇಷ್ಟ್ರಿಗೆ ಪ್ರತಿಯೊಬ್ಬರ ಹೆಸರು ಗೊತ್ತಿತ್ತು. ಸಂಜೆ ಲ್ಯಾಬ್ ಕೀಲಿ ನನ್ನ ಕೈಯಲ್ಲೇ ಕೊಟ್ಟು ಹೋಗುತ್ತಿದ್ದರು. ಹೆಚ್ಚು ಕಂಪನಿಗಳು ಕ್ಯಾಂಪಸ್‌ಗೆ ಬರುತ್ತಿರಲಿಲ್ಲ, ಅದು ನಿಜವಾದ ಕೊರತೆ. ಇಂಟರ್‌ವ್ಯೂಗೆ ಅಂತ ರಾತ್ರಿ ಬಸ್ಸಿನಲ್ಲಿ ಏಳು ಸಲ ಬೆಂಗಳೂರಿಗೆ ಹೋಗಿದ್ದೇನೆ. ಏಳನೆಯ ಸಲ ಕೆಲಸ ಸಿಕ್ಕಿತು. ಈಗ ನನ್ನ ಪಕ್ಕ ಕೂರುವವರು ದೊಡ್ಡ ದೊಡ್ಡ ಕಾಲೇಜುಗಳಿಂದ ಬಂದವರು. ಮಾಡುವ ಕೆಲಸ ಒಂದೇ.

ಬೆಳಗಾವಿ ಶಹಾಪುರದಿಂದ, ಸಾಲ ಮಾಡಿ ಓದಿದವನು

ನಾನು ಇನ್ನೊಂದು ದಾರಿ ಹಿಡಿದವನು. ಮನೆಯಲ್ಲಿ ಮಗ್ಗ. ಬೆಂಗಳೂರಿನ ಕಾಲೇಜೇ ಬೇಕು ಅಂತ ಹಟ ಮಾಡಿ ಸಾಲ ತೆಗೆಸಿದೆ.

ಸಾಲದ ಲೆಕ್ಕವನ್ನು ಬಿಡಿಸಿ ಹೇಳುತ್ತೇನೆ, ನನಗೆ ಆಗ ಇದು ಅರ್ಥ ಆಗಿರಲಿಲ್ಲ. ವರ್ಷಕ್ಕೆ ಎರಡೂವರೆ ಲಕ್ಷದಂತೆ ನಾಲ್ಕು ವರ್ಷಕ್ಕೆ 10 ಲಕ್ಷ ತೆಗೆಯುತ್ತೀರಿ ಎಂದಿಟ್ಟುಕೊಳ್ಳಿ, ಬಡ್ಡಿ ಶೇಕಡಾ 10. ಓದು ಮುಗಿದು ಇನ್ನೊಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ. ಹಾಗಂತ ಬಡ್ಡಿ ಸುಮ್ನೆ ಕೂರುವುದಿಲ್ಲ. ಮೊದಲ ವರ್ಷದ ಹಣದ ಮೇಲೆ ಐದು ವರ್ಷ, ಎರಡನೆಯದರ ಮೇಲೆ ನಾಲ್ಕು, ಹೀಗೆ ಸರಳ ಬಡ್ಡಿ ಹಾಕಿದರೂ ಮೂರೂವರೆ ಲಕ್ಷ ಸೇರುತ್ತದೆ. ಕಂತು ಶುರುವಾಗುವ ದಿನ ಸಾಲ ಹದಿಮೂರೂವರೆ ಲಕ್ಷ. ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 17,800 ರೂಪಾಯಿ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಗೆ ಬೆಂಗಳೂರಿನಲ್ಲಿ ಪಿಜಿ ಬಾಡಿಗೆ, ಊಟ, ಓಡಾಟ ಕಳೆದು ಇಷ್ಟು ಉಳಿಯಬೇಕು.

ನನಗೆ ಕೆಲಸ ಬೇಗ ಸಿಕ್ಕಿತು. ಸೀನಿಯರ್‌ಗಳು ಕರೆದು ಇಂಟರ್ನ್‌ಶಿಪ್ ಕೊಡಿಸಿದರು. ಆ ಊರು ಕೊಟ್ಟದ್ದನ್ನು ಅಲ್ಲಗಳೆಯುವುದಿಲ್ಲ. ಆದರೆ ಅಪ್ಪನಿಗೆ ಕಣ್ಣಿನ ಆಪರೇಷನ್ ಆಗಬೇಕಿದ್ದಾಗ ನನ್ನ ಖಾತೆಯಲ್ಲಿ ಕಂತಿನ ಹಣ ಬಿಟ್ಟು ಬೇರೆ ಇರಲಿಲ್ಲ. ಎಂಟು ತಿಂಗಳು ಅವರು ಹಾಗೇ ಮಗ್ಗದ ಮುಂದೆ ಕೂತರು.

ಸಾಲವೇ ಬೇಕಾದರೆ ಪಿಎಂ ವಿದ್ಯಾಲಕ್ಷ್ಮಿ ನೋಡಿ. 2024ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಯೋಜನೆ. ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಮಾತ್ರ ಅನ್ವಯ, ಹಾಗಾಗಿ ನಿಮ್ಮ ವಿಶ್ವವಿದ್ಯಾಲಯ ಅದರಲ್ಲಿ ಇದೆಯೋ ಮೊದಲು ನೋಡಿ. ಇದ್ದರೆ ಅಡವು, ಜಾಮೀನು ಬೇಡ. ಮನೆಯ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ, ಕಂತು ಶುರುವಾಗುವವರೆಗೆ, ಬಡ್ಡಿಯಲ್ಲಿ ಶೇಕಡಾ 3 ರಿಯಾಯಿತಿ ಇದೆ. ಹೊಲ ಮಾತ್ರ ಮಾರಬೇಡಿ. ಸಾಲ ಒಂದು ದಿನ ತೀರುತ್ತದೆ, ಎಕರೆ ಮತ್ತೆ ಬರುವುದಿಲ್ಲ.

ಜಮಖಂಡಿಯ ಪಿಯು ಉಪನ್ಯಾಸಕರು

ಎಲ್ಲರೂ ಎರಡೇ ದಾರಿ ನೋಡುತ್ತಿದ್ದೀರಿ. ಹುಡುಗಿ ಸಿಇಟಿ ಬರೆದಿದ್ದಾಳೆ, ಅಲ್ವಾ? ಹಾಗಾದರೆ ಮೂರನೆಯದೂ ಇದೆ. ಬೆಂಗಳೂರೇ ಬೇಕೆಂದರೆ ಯುವಿಸಿಇ (ಯೂನಿವರ್ಸಿಟಿ ವಿಶ್ವೇಶ್ವರಯ್ಯ ಕಾಲೇಜ್ ಆಫ್ ಎಂಜಿನಿಯರಿಂಗ್) ಇದೆ. 1917ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಶುರು ಮಾಡಿದ್ದು, ಸರ್ಕಾರಿ ಸಂಸ್ಥೆ, ಫೀ ಖಾಸಗಿಯವರಿಗೆ ಹೋಲಿಸಿದರೆ ತೀರಾ ಕಡಿಮೆ. ಖಾಸಗಿ ಕಾಲೇಜುಗಳಲ್ಲೂ ಸಿಇಟಿ ನಡೆಸುವ ಕೆಇಎ ಮೂಲಕ ಸಿಗುವ ಸೀಟಿಗೂ ಮ್ಯಾನೇಜ್‌ಮೆಂಟ್ ಸೀಟಿಗೂ ಫೀಯಲ್ಲಿ ಅಜಗಜಾಂತರ. ಆದಾಯ 8 ಲಕ್ಷದೊಳಗಿದ್ದರೆ ಎಸ್‌ಎನ್‌ಕ್ಯೂ ಕೋಟಾ (ಕಡಿಮೆ ಆದಾಯದವರಿಗೆ ಕೊಡುವ ಹೆಚ್ಚುವರಿ ಸೀಟು) ನೋಡಿ, ಅದರಲ್ಲಿ ಬೋಧನಾ ಶುಲ್ಕವೇ ಇಲ್ಲ. ರ‍್ಯಾಂಕ್ ಚೆನ್ನಾಗಿರಬೇಕು ಅಷ್ಟೇ.

ವಿಜಯಪುರ, ಬಾಗಲಕೋಟೆಗೆ 371ಜೆ (ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಇರುವ) ಮೀಸಲಾತಿ ಇಲ್ಲ, ಎಷ್ಟೋ ಪಾಲಕರು ಇದೆ ಅಂದುಕೊಂಡು ಬರುತ್ತಾರೆ. ಆದರೆ ಒಂದರಿಂದ ಹತ್ತನೇ ತರಗತಿ ಹಳ್ಳಿಯಲ್ಲೇ ಓದಿದ್ದರೆ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಅದರ ಮೀಸಲಾತಿ ಇದೆ. ಸಿಇಟಿ ಅರ್ಜಿಯಲ್ಲಿ ಅದನ್ನು ಹಾಕಿದ್ದಾಳೆಯೇ ನೋಡಿ.

ಸ್ಕಾಲರ್‌ಶಿಪ್ ಕಾಲೇಜಿನವರಿಗೆ ಫೋನ್ ಮಾಡಿ, ಸಿಇಟಿ ಮೊದಲ ಸುತ್ತಿನ ಸೀಟು ಹಂಚಿಕೆವರೆಗೆ ಸಮಯ ಕೇಳಿ. ಗೌರವದಿಂದ ಕೇಳಿದರೆ ಕೊಡುತ್ತಾರೆ, ನನ್ನ ವಿದ್ಯಾರ್ಥಿಗಳಿಗೆ ಕೊಟ್ಟಿದ್ದಾರೆ. ಅಲ್ಲಿಯವರೆಗೆ ಮೂಲ ಮಾರ್ಕ್ಸ್ ಕಾರ್ಡ್ ಎಲ್ಲೂ ಬಿಟ್ಟು ಬರಬೇಡಿ. ಅದನ್ನು ಕಾಲೇಜು ಇಟ್ಟುಕೊಳ್ಳುವಂತಿಲ್ಲ ಎಂದು ಕಾಲೇಜುಗಳ ಮೇಲ್ವಿಚಾರಣೆ ಮಾಡುವ ಎಐಸಿಟಿಇ, ಯುಜಿಸಿ ಎರಡೂ ಹೇಳಿವೆ.

ಗೋಕಾಕದ ಒಬ್ಬ ತಾಯಿ

ನೀವು, ಅಪ್ಪ, ಇಬ್ಬರ ಮಾತೂ ಕೇಳಿದೆ. ಹುಡುಗಿಯ ಮುಂದೆ ಈ ಲೆಕ್ಕ ಇಟ್ಟಿದ್ದೀರಾ? ನಾವು ಮಗನಿಗೆ ಹೇಳದೆಯೇ ಫ್ರೀ ಸೀಟು ಹಿಡಿದೆವು. ಒಂದು ವರ್ಷ ಮಾತೇ ಆಡಲಿಲ್ಲ ಅವನು. ಲೆಕ್ಕ ತೋರಿಸಿದ್ದರೆ ತಾನೇ ಒಪ್ಪುತ್ತಿದ್ದೆ ಅಂತ ಆಮೇಲೆ ಹೇಳಿದ.

ಕೇಳಿದವರು

ಗೋಕಾಕದ ಅಮ್ಮ, ನಿಮ್ಮ ಮಾತು ನಾಟಿತು. ನಿನ್ನೆ ರಾತ್ರಿ ಊರಿಗೆ ಹೋಗಿ ಎಲ್ಲವನ್ನೂ ತಂಗಿಗೆ ಓದಿ ಹೇಳಿದೆ. ಅವಳೇ ನೋಟ್‌ಬುಕ್ ತಂದು 17,800 ಅಂತ ಬರೆದು ಎರಡು ಸಲ ಗೆರೆ ಎಳೆದಳು. ಆಮೇಲೆ ಹೇಳಿದಳು, ‘ಅಣ್ಣಾ, ನನಗೆ ಬೆಂಗಳೂರು ಬೇಕು ಅಂತಲ್ಲ. ಆ ಲ್ಯಾಬ್ ಬೇಕು.’ ಪಿಯು ಮೊದಲ ವರ್ಷದಲ್ಲಿ ಒಣದ್ರಾಕ್ಷಿ ಶೆಡ್ಡಿನ ತೇವ ಅಳೆಯುವ ಒಂದು ಸಣ್ಣ ಯಂತ್ರ ಮಾಡಿದ್ದಳು, ಅಪ್ಪ ಈಗಲೂ ಅದನ್ನು ಶೆಡ್ಡಿನಲ್ಲಿ ನೇತುಹಾಕಿದ್ದಾರೆ. ಅವತ್ತಿನಿಂದ ಅವಳಿಗೆ ಇದೇ ಹುಚ್ಚು.

ಬೆಳಗಾವಿಯವ, ಚಿಪ್ ಕಂಪನಿಯಲ್ಲಿ ಕೆಲಸ

ಲ್ಯಾಬ್ ಬೇಕು ಅನ್ನುವುದಾದರೆ ಕೇಳಬೇಕಾದ್ದೇ ಬೇರೆ. ಚಿಪ್ ಡಿಸೈನ್ ಮಾಡುವ ಸಾಫ್ಟ್‌ವೇರ್ ತುಂಬಾ ದುಬಾರಿ, ಸಣ್ಣ ಕಾಲೇಜಿಗೆ ಕೊಳ್ಳಲು ಆಗುವುದಿಲ್ಲ. ಅದಕ್ಕೇ ಕೇಂದ್ರ ಸರ್ಕಾರದ ಚಿಪ್ಸ್ ಟು ಸ್ಟಾರ್ಟಪ್ ಯೋಜನೆಯಲ್ಲಿ ಬೆಂಗಳೂರಿನ ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನಲ್ಲಿರುವ ಚಿಪ್‌ಇನ್ ಕೇಂದ್ರ ಆ ಸಾಫ್ಟ್‌ವೇರ್‌ಗಳನ್ನು ದೇಶದ ನೂರಾರು ಕಾಲೇಜುಗಳಿಗೆ ಒದಗಿಸುತ್ತಿದೆ. ಸ್ಕಾಲರ್‌ಶಿಪ್ ಕೊಡುವ ಕಾಲೇಜು ಅದರಲ್ಲಿ ಇದೆಯೋ, ವಿದ್ಯಾರ್ಥಿಗಳು ಯಾವ ಸೆಮಿಸ್ಟರ್‌ನಿಂದ ಬಳಸಬಹುದು ಅಂತ ವಿಭಾಗದ ಮುಖ್ಯಸ್ಥರನ್ನೇ ಕೇಳಿ. ಇದ್ದರೆ ಅರ್ಧ ಚಿಂತೆ ಮುಗಿಯಿತು.

ಇನ್ನೊಂದು ಮಾತು. ನಮ್ಮ ಕೆಲಸದಲ್ಲಿ ಎಂ.ಟೆಕ್ ಮಾಡಿದವರು ಜಾಸ್ತಿ. ಬಿ.ಇ. ಸಾಲವಿಲ್ಲದೆ ಮುಗಿಸಿ ಗೇಟ್ (ಎಂ.ಟೆಕ್ ಪ್ರವೇಶ ಪರೀಕ್ಷೆ) ಪಾಸಾದರೆ, ಎಂ.ಟೆಕ್‌ಗೆ ಸೇರಿದ ಮೇಲೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಸಿಗುತ್ತದೆ. ನಾನು ಓದಿದ್ದು ಹಾಗೆಯೇ. ಇಷ್ಟದ ಜಾಗಕ್ಕೆ ನಾಲ್ಕು ವರ್ಷ ತಡವಾಗಿ ಹೋದೆ, ಆದರೆ ಮನೆಯಿಂದ ಒಂದು ಪೈಸೆ ತರಿಸಿಕೊಳ್ಳದೆ ಹೋದೆ.

ಕೇಳಿದವರು

ಇವತ್ತು ಅವಳೇ ಕಾಲೇಜಿಗೆ ಫೋನ್ ಮಾಡಿ ಮಾತಾಡಿದಳು. ನಾನು ಪಕ್ಕದಲ್ಲಿ ಕೂತಿದ್ದೆ ಅಷ್ಟೇ. ಹಾಸ್ಟೆಲ್ ಸೇರಿದೆ, ಮೆಸ್ ನಮ್ಮದು. ವರ್ಷಕ್ಕೊಮ್ಮೆ 7.5 ಇರಬೇಕು, ಒಂದು ಸಲ ತಪ್ಪಿದರೆ ಮುಂದಿನ ಸೆಮಿಸ್ಟರ್‌ನಲ್ಲಿ ಸರಿ ಮಾಡಿಕೊಳ್ಳಲು ಅವಕಾಶ ಇದೆ. ಬಾಗಲಕೋಟೆ ಅಕ್ಕ, ನೀವು ಹೇಳಿದಂತೆ ಇದನ್ನು ಇಮೇಲ್‌ನಲ್ಲಿ ಬರೆಸಿಕೊಂಡಿದ್ದೇವೆ. ಮೊದಲ ಸುತ್ತಿನವರೆಗೆ ಕಾಯುತ್ತೇವೆ ಎಂದಿದ್ದಾರೆ. ಚಿಪ್ ಸಾಫ್ಟ್‌ವೇರ್ ಇದೆಯಂತೆ, ಐದನೇ ಸೆಮಿಸ್ಟರ್‌ನಿಂದ. ಶನಿವಾರ ಹೋಗಿ ಕಣ್ಣಾರೆ ನೋಡಿ ಬರುತ್ತೇವೆ.

ಸಿಇಟಿ ಆಯ್ಕೆ ಪಟ್ಟಿಯಲ್ಲಿ ಯುವಿಸಿಇ ಮೊದಲು ಹಾಕುತ್ತಾಳಂತೆ. ಅದು ಬರದಿದ್ದರೆ ಬೆಳಗಾವಿ. ಇದು ಅವಳದೇ ತೀರ್ಮಾನ. ಅಪ್ಪ ಎಕರೆಯ ಮಾತು ಬಿಟ್ಟಿದ್ದಾರೆ, ಬೆಳಿಗ್ಗೆ ಎದ್ದು ತೋಟಕ್ಕೆ ಹೋದರು. ಸೀಟು ಹಂಚಿಕೆ ಬಂದ ದಿನ ಇಲ್ಲೇ ಬರೆಯುತ್ತೇನೆ.