ಲಾಲ್‌ಬಾಗಿನ ಮೇಲೆ ಬಸ್ಯಾನ ತಕರಾರು

"ಲಾಲ್‌ಬಾಗ್ ಹೇಗಿತ್ತಪ್ಪಾ?" ಅಂದೆ. ಬಸ್ಯಾ ಗಿರ್ಮಿಟ್ ಪ್ಲೇಟು ಕೆಳಗಿಟ್ಟ. ಅವನು ಗಿರ್ಮಿಟ್ ಕೆಳಗಿಟ್ಟ ಅಂದರೆ ವಿಷಯ ಸಣ್ಣದಲ್ಲ.

"ಆಗಸ್ಟ್ ಹದಿನೈದರ ಫ್ಲವರ್ ಶೋಗೆ ಮಗಳು ಕರೆದುಕೊಂಡು ಹೋಗಿದ್ದಳು. ಗಾಜಿನ ಮನೆಯೊಳಗೆ ಹೂವೆಲ್ಲಿ? ಬರೀ ಮೊಬೈಲ್ ಹಿಡಿದ ಕೈಗಳು. ಮುಂದಿದ್ದವನ ಬೋಳುತಲೆಯನ್ನೇ ಅರ್ಧ ತಾಸು ನೋಡಿದೆ."

ಮಾಸ್ತರರಿಗೆ ಇಷ್ಟು ಸಾಕಾಯಿತು. ಅವರು ಲಾಲ್‌ಬಾಗಿಗೆ ಕಾಲಿಟ್ಟವರಲ್ಲ, ಆದರೆ ಅದರ ಜಾತಕ ಬಾಯಿಪಾಠ.

"ಆ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಹಾಕಿದವನು ಆಲ್ಬರ್ಟ್ ವಿಕ್ಟರ್, ಇಂಗ್ಲೆಂಡಿನ ರಾಜಕುಮಾರ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮಾದರಿ. ತೋಟ ಇನ್ನೂ ಹಳೆಯದು. 1760ರಲ್ಲಿ ಹೈದರಾಲಿ ಶುರು ಮಾಡಿದ, ಟಿಪ್ಪು ದೇಶವಿದೇಶದ ಗಿಡ ತರಿಸಿದ. ಈಗ 240 ಎಕರೆ."

"240 ಎಕರೆ!" ಪರಪ್ಪ ನೆಟ್ಟಗೆ ಕೂತ. ಅವನ ಹೊಲ ಕುಂದಗೋಳದ ಕಡೆ. "ಎರಿ ಹೊಲವೋ, ಮಸಾರಿಯೋ?"

"ಕೆಂಪು ಮಣ್ಣು."

"ಹಾಗಾದರೆ ಕಡಲೆ ಬರಲ್ಲ ಬಿಡಿ."

ಬಸ್ಯಾನಿಗೆ ಹಿಡಿಸಿದ್ದೂ ಇತ್ತು. ಬೂರುಗದ ಮರದ ಬುಡ ಹಲಗೆ ಹಲಗೆಯಾಗಿ ಹರಡಿದೆಯಂತೆ, ಒಂದೊಂದು ಸಂದಿಯಲ್ಲೂ ಒಬ್ಬೊಬ್ಬ ಅಡಗಿ ಕೂರಬಹುದಂತೆ. ಕೆಂಪೇಗೌಡರ ಗೋಪುರವಿರುವ ಬಂಡೆಯ ಮೇಲೆ ಗಾಳಿಯೂ ಚೆನ್ನಾಗಿತ್ತಂತೆ.

"ಆ ಬಂಡೆಗೆ ಸುಮಾರು 300 ಕೋಟಿ ವರ್ಷ," ಅಂದರು ಮಾಸ್ತರರು.

"ಉತಾರ ಯಾರ ಹೆಸರಿನಲ್ಲಿದೆ?" ಅಂದ ಪರಪ್ಪ.

ಅಸಲಿ ತಕರಾರು ಇನ್ನೂ ಹೊರಬಿದ್ದಿರಲಿಲ್ಲ. "ಮಗಳ ಮನೆಯಲ್ಲಿ ಸಾಂಬಾರಿಗೂ ಸೀಮೆಬದನೆ, ಪಲ್ಯಕ್ಕೂ ಸೀಮೆಬದನೆ. ಹಲ್ಲಿಗೂ ಸಿಗಲ್ಲ, ನಾಲಿಗೆಗೂ ಗೊತ್ತಾಗಲ್ಲ. ನೀರು ಜಗಿದಂತೆ."

"ಅದೂ ಲಾಲ್‌ಬಾಗಿನದೇ," ಅಂದರು ಮಾಸ್ತರರು ಖುಷಿಯಿಂದ. "1874ರಲ್ಲಿ ತೋಟದ ಉಸ್ತುವಾರಿಗೆ ಬಂದ ಜಾನ್ ಕ್ಯಾಮರೂನ್ ಬೆಂಗಳೂರಿಗೆ ಸೀಮೆಬದನೆ ರೂಢಿ ಮಾಡಿಸಿದ."

"ಅವನಾ!" ಬಸ್ಯಾ ಎದ್ದೇ ನಿಂತ. "ಆ ಸಾಹೇಬನಿಗೆ ಒಂದೇ ಒಂದು ಸಲ ಮುಳಗಾಯಿ ಎಣ್ಣೆಗಾಯಿ, ಎರಡು ಬಿಸಿ ರೊಟ್ಟಿ ಬಡಿಸಿದ್ದರೆ, ಬಳ್ಳಿ ಕಿತ್ತು ತಿರುಗಿ ಹಡಗು ಹತ್ತಿಸುತ್ತಿದ್ದ."

ಪರಪ್ಪ ನಗಲಿಲ್ಲ. "ಬಳ್ಳಿ ಅಂದರೆ ಚಪ್ಪರ ಬೇಕಾಗುತ್ತೆ ಅಲ್ವಾ ಮಾಸ್ತರೇ? ಎಪಿಎಂಸಿಯಲ್ಲಿ ರೇಟು ಹೇಗಿದೆಯೋ?"

"ಲೇ, ನೀನು ಅದನ್ನು ಬೆಳೆದರೆ ನಿನ್ನ ಮನೆಗೆ ಊಟಕ್ಕೆ ಬರೋದಿಲ್ಲ ನೋಡು!" ಅಂದ ಬಸ್ಯಾ.

ಬೀಜ ಊರುವ ಮೊದಲೇ ಪರಪ್ಪನಿಗೆ ಲಾಭ ಕಂಡಿತು.