ದೀಪಾವಳಿ ನೋಮಿಗೂ ರೇಷ್ಮೆ ಹುಳು ನಾಲ್ಕನೇ ಜ್ವರ ಏಳೋದಕ್ಕೂ ಒಂದೇ ಟೈಮು, ಏನು ಮಾಡೋದು?

ಶಿಡ್ಲಘಟ್ಟ ಸೊಸೆ:
ಎಲ್ಲರಿಗೂ ನಮಸ್ಕಾರ. ನಮ್ಮದು ಶಿಡ್ಲಘಟ್ಟ ಹತ್ತಿರದ ಹಳ್ಳಿ. ಒಂದೂವರೆ ಎಕರೆ ಹಿಪ್ಪುನೇರಳೆ ಇದೆ, ಬೆಳೆಗೆ 150 ಮೊಟ್ಟೆ (ಒಂದು ಚಿಟ್ಟೆ ಇಟ್ಟ ನೂರಾರು ಮೊಟ್ಟೆ ಸೇರಿ ಒಂದು ಲೆಕ್ಕ) ಸಾಕುತ್ತೇವೆ. ಹಬ್ಬಕ್ಕೆ ಇನ್ನು ನಾಲ್ಕು ವಾರ ಇದೆ. ನಮ್ಮ ಮಾವ ಮನೆಗೆ ದೊಡ್ಡವರು, ಹಾಗಾಗಿ ಕೇದಾರೇಶ್ವರನ ನೋಮು, ಅಂದರೆ ದಾರ ಕಟ್ಟಿಸಿಕೊಳ್ಳುವ ವ್ರತ, ನಮ್ಮಲ್ಲೇ. ಚಿಕ್ಕಮಾವಂದಿರು, ನಾದಿನಿಯರು, ಮಕ್ಕಳು ಮರಿ ಎಲ್ಲಾ ಸೇರಿದರೆ ಮೂವತ್ತು ಜನಕ್ಕೆ ಕಡಿಮೆ ಇಲ್ಲ. ಚಾಕಿಯವರು (ಮರಿ ಹುಳು ಸಾಕಿ ಕೊಡುವವರು) ಹೇಳಿರುವ ದಿನ, ಅಂದರೆ ಹಬ್ಬಕ್ಕೆ ಹತ್ತು ದಿನ ಮುಂಚೆ ಹುಳು ತಂದರೆ ಸರಿಯಾಗಿ ಹಬ್ಬದ ಹೊತ್ತಿಗೆ ನಾಲ್ಕನೇ ಜ್ವರ ಎದ್ದಿರುತ್ತವೆ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟಿರುತ್ತವೆ. ಸಾಕಿದವರಿಗೆ ಗೊತ್ತಲ್ವಾ, ಆಮೇಲೆ ಒಂದು ವಾರ ಸೊಪ್ಪು ಹಾಕಿ ಹಾಕಿ ತಲೆ ಎತ್ತೋಕೆ ಆಗಲ್ಲ. ನಾನು ಸೊಪ್ಪು ಕೊಯ್ಯಲಾ, ಕಜ್ಜಾಯ ಸುಡಲಾ?

ಹಬ್ಬ ಮುಗಿದ ಮೇಲೆ ಹುಳು ತರೋಣ ಅನ್ನುತ್ತಾರೆ ಅತ್ತೆ. ಹಾಗೆ ಮಾಡಿದರೆ ಹುಳ ಜೋರಾಗಿ ಮೇಯುವಾಗಲೇ ರಾಗಿ ಕೊಯ್ಲು ಬರುತ್ತೆ. ಈ ಬೆಳೆ ಬಿಟ್ಟುಬಿಡೋಣ ಅಂದರೆ ನಮ್ಮ ಮನೆಯವರು ಒಪ್ಪಲ್ಲ, ಮಗಳ ಫೀಸು ಕಟ್ಟೋದು ಈ ಗೂಡಿನ ದುಡ್ಡಲ್ಲೇ. ತೋಟ ಕಟಾವು ಮಾಡಿ ಒಂದು ತಿಂಗಳಾಯಿತು. ಯಾರಾದರೂ ದಾರಿ ಹೇಳಿ.

ಚಿಂತಾಮಣಿ ರೈತ:
ಮುಂದಕ್ಕೆ ಹಾಕಬೇಡಿ ಅಕ್ಕಾ, ಹಿಂದಕ್ಕೆ ತನ್ನಿ. ಎರಡನೇ ಜ್ವರ ಎದ್ದ ಹುಳು ತಂದ ಮೇಲೆ ಹಣ್ಣಾಗೋಕೆ, ಅಂದರೆ ಗೂಡು ಕಟ್ಟೋಕೆ ತಯಾರಾಗೋಕೆ, ಹದಿನಾರು ಹದಿನೇಳು ದಿನ ಬೇಕು. ಚಳಿ ಇದ್ದರೆ ಒಂದು ದಿನ ಜಾಸ್ತಿ. ಹಬ್ಬಕ್ಕೆ ಹತ್ತೊಂಬತ್ತು ದಿನ ಮುಂಚೆ ತಂದರೆ ಹಬ್ಬದ ಹಿಂದಿನ ದಿನಕ್ಕೆ ಎಲ್ಲಾ ಚಂದ್ರಿಕೆ (ಗೂಡು ಕಟ್ಟೋಕೆ ಬಿಡುವ ತಟ್ಟಿ) ಮೇಲಿರುತ್ತವೆ. ಆಮೇಲೆ ಸೊಪ್ಪಿನ ಕೆಲಸವೇ ಇಲ್ಲ. ಗಾಳಿ ಆಡಬೇಕು, ನೆಲ ಒಣಗಿರಬೇಕು, ಅಷ್ಟೇ. ಹಬ್ಬ ಮುಗಿಸಿ ಆರಾಮಾಗಿ ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹಾಕಿ.

ಸೊಪ್ಪಿನ ಲೆಕ್ಕ ನೋಡಿ. ಹುಳು ತಿನ್ನುವ ಒಟ್ಟು ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗಿಂತ ಜಾಸ್ತಿ ನಾಲ್ಕನೇ ಜ್ವರ ಆದಮೇಲೆಯೇ. ನಾನು ಹೇಳಿದ ಹಾಗೆ ತಂದರೆ ಆಗ ನಿಮ್ಮ ಸೊಪ್ಪಿಗೆ ಐವತ್ತು ದಿನದ ಆಸುಪಾಸು. ಸ್ವಲ್ಪ ಎಳಸು, ಆದರೂ ನಡೆಯುತ್ತೆ. ಈಗಿಂದಲೇ ಯೂರಿಯಾ ನಿಲ್ಲಿಸಿ. ನೀರು ತುಂಬಿದ ಎಳೆ ಸೊಪ್ಪು ದೊಡ್ಡ ಹುಳಕ್ಕೆ ಹಾಕಿದರೆ ಹಾಲುತೊಂಡೆ, ಸಪ್ಪೆ ರೋಗ ಕಾಣಿಸಿಕೊಳ್ಳುತ್ತೆ. ಹಬ್ಬ ಕಳೆದು ತಂದರೆ ಎಪ್ಪತ್ತು ದಿನ ದಾಟಿರುತ್ತೆ, ಕೆಳಗಿನ ಎಲೆ ಹಳದಿಯಾಗಿ ಉದುರುತ್ತೆ. ಚಾಕಿಯವರಿಗೆ ಇವತ್ತೇ ಫೋನ್ ಮಾಡಿ. ಮೊಟ್ಟೆ ಮರಿಯಾಗಿ ಎರಡು ಜ್ವರ ಆಗೋಕೇ ಎಂಟೊಂಬತ್ತು ದಿನ ಬೇಕಲ್ವಾ.

ಮಾಲೂರು ಸೀಮೆ:
ಅಣ್ಣನ ಲೆಕ್ಕ ಸರಿ ಇದೆ, ಆದರೆ ಹಣ್ಣು ಹುಳು ಆರಿಸೋದು ಯಾರು? ಅದನ್ನೇ ಮರೆತರು! ಗಂಡಸರು ಚಂದ್ರಿಕೆ ತಂದು ನಿಲ್ಲಿಸಿ ಹೋಗುತ್ತಾರೆ. ಮೇವು ಬಿಟ್ಟು ತಲೆ ಎತ್ತಿ ಆಡಿಸುವ ಹುಳು ಯಾವುದು, ಬೆಳಕಿಗೆ ಹಿಡಿದರೆ ಮೈ ಆರಪಾರ ಕಾಣೋದು ಯಾವುದು ಅಂತ ನೋಡಿ ನೋಡಿ ಆರಿಸುವ ಹೊತ್ತಿಗೆ ಹೆಂಗಸರ ಸೊಂಟ ಬಿದ್ದುಹೋಗಿರುತ್ತೆ. ನಾದಿನಿಯರಿಗೆ ಫೋನ್ ಮಾಡಿ ಎರಡು ದಿನ ಮುಂಚೆ ಬನ್ನಿ ಅನ್ನಿ. ಅವರೂ ಅದೇ ಮನೇಲಿ ಹುಳು ಆರಿಸಿ ಬೆಳೆದವರು ತಾನೆ, ಸುಮ್ನೆ ದಾರ ಕಟ್ಟಿಸಿಕೊಂಡು ಹೋಗೋದು ಏನು ಚೆಂದ.

ಕಜ್ಜಾಯದ ಚಿಂತೆ ಬೇಡ. ಅಕ್ಕಿ ನೆನೆಸಿ ಕುಟ್ಟಿ ಪಾಕಕ್ಕೆ ಹಾಕಿದ ಹಿಟ್ಟು ಎರಡು ಮೂರು ದಿನ ಇಟ್ಟರೆ ಇನ್ನೂ ಚೆನ್ನಾಗಿ ಬರುತ್ತೆ. ನೋಮಿಗೆ ಬೇಕಾದ ಇಪ್ಪತ್ತೊಂದು ಮೊದಲು ಮಡಿಯಲ್ಲಿ ಸುಟ್ಟುಕೊಳ್ಳಿ, ಮಿಕ್ಕಿದ್ದನ್ನು ಓರಗಿತ್ತಿಯರ ಕೈಗೆ ಕೊಡಿ. ಒಲೆ ಮಾತ್ರ ಹುಳದ ಮನೆಯಿಂದ ದೂರ ಇರಲಿ. ಪಟಾಕಿನೂ ಅಷ್ಟೇ, ಹೊಗೆ ಒಳಗೆ ಹೋಗಬಾರದು.

ಕೊರಟಗೆರೆ ಕಡೆಯವನು:
ನಮ್ಮ ಕಡೆ ಹುಳು ಬಿಟ್ಟು ಅಡಿಕೆ ಹಾಕಿಬಿಟ್ಟಿದ್ದಾರೆ, ಹಬ್ಬಕ್ಕೆ ಯಾವ ತೊಂದರೆಯೂ ಇಲ್ಲ. ಬೋರು ಒಣಗಿದರೆ ಮಾತ್ರ ಹಬ್ಬ ಗೊತ್ತಾಗುತ್ತೆ 😄

ಶಿಡ್ಲಘಟ್ಟ ಸೊಸೆ:
ಚಾಕಿಯವರಿಗೆ ಫೋನ್ ಮಾಡಿದೆ. ಇನ್ನೊಬ್ಬರು ಬೇಡ ಅಂದ ಮೊಟ್ಟೆ ಇದೆಯಂತೆ, ಆದರೆ ನೂರೇ. ಹಬ್ಬಕ್ಕೆ ಹತ್ತೊಂಬತ್ತು ದಿನ ಇರುವಾಗಲೇ ಕೊಡುತ್ತಾರೆ. ನಮ್ಮ ಮನೆಯವರು ಮುಖ ಸಣ್ಣ ಮಾಡಿಕೊಂಡರು. ಎಳಸು ಸೊಪ್ಪಿಗೆ ನೂರೇ ಸಾಕು ಅಂದರು ಮಾವ. ನಾದಿನಿಗೆ ಹೇಳಿದ್ದಕ್ಕೆ ಬರ್ತೀನಿ ಅತ್ತಿಗೆ, ಆದ್ರೆ ಕಜ್ಜಾಯ ನನಗೆ ಜಾಸ್ತಿ ಕೊಡಬೇಕು ಅಂದಳು. ಅತ್ತೆ ಇನ್ನೂ ಮಾತಾಡಿಲ್ಲ.

ಚಿಂತಾಮಣಿ ರೈತ:
ನೂರೇ ಒಳ್ಳೇದು. ಒಂದು ಮಾತು ಬಿಟ್ಟುಹೋಗಿತ್ತು. ಪಕ್ಕದ ಹೊಲದಲ್ಲಿ ಚೆಂಡು ಹೂವು ಇದೆಯಾ? ದೀಪಾವಳಿ ಮಾರ್ಕೆಟ್ಟಿಗೆ ಅಂತ ಹೂವಿನವರು ಈಗ ಔಷಧಿ ಹೊಡೆಯುತ್ತಲೇ ಇರುತ್ತಾರೆ. ಗಾಳಿಗೆ ನಿಮ್ಮ ಸೊಪ್ಪಿನ ಮೇಲೆ ಬಿದ್ದರೆ ಹುಳು ಹಸಿರು ಕಕ್ಕಿ ಸಾಯುತ್ತೆ. ಹೊಡೆಯುವ ಮುಂಚೆ ಒಂದು ಮಾತು ಹೇಳಿ ಅಂತ ಅವರಿಗೆ ಈಗಲೇ ಹೇಳಿಡಿ. ಆ ಬದಿಯ ನಾಲ್ಕು ಸಾಲು ಸೊಪ್ಪು ಹುಳಕ್ಕೆ ಹಾಕಬೇಡಿ.